ಮುಟ್ಟಿದ ನೀರಿನೊಳಗೆ ಏನಿದೆ?

(ವಿದ್ಯಾರ್ಥಿನಿಲಯದ ಗೆಳೆಯರ ಸಭೆಯಲ್ಲಿ ಆಡಿದ ಮಾತು. ಆಡಿದ ಹಾಗೇ ಬರೆದಿದ್ದೇನೆ, ಅಲ್ಲಲ್ಲಿ ಅಂಕಿಸಂಖ್ಯೆ ಮಾತ್ರ ಸೇರಿಸಿದ್ದೇನೆ.)



ಕವಿತೆ ಓದಪ್ಪ ಅಂತ ನನ್ನನ್ನು ಕರೆದಿರಿ. ಕವಿತೆ ಆಮೇಲೆ ಓದ್ತೀನಿ. ಮೊದಲು ನೀರಿನ ಬಗ್ಗೆ ಒಂದಿಷ್ಟು ಮಾತಾಡಬೇಕು. ನಾನು ಬಿ.ಎ. ಮಾಡಿದವನು, ಕೆಮಿಸ್ಟ್ರಿ ಪುಸ್ತಕ ಹೈಸ್ಕೂಲಿಗೇ ಮುಗಿಯಿತು. ಇವನೇನು ವಿಜ್ಞಾನ ಹೇಳ್ತಾನೆ ಅಂತ ಹಿಂದಿನ ಬೆಂಚಿನವರು ನಗಬಹುದು. ನಗಲಿ. ಕುಡಿಯೋ ನೀರಿನ ವಿಜ್ಞಾನವನ್ನು ಬಿ.ಎಸ್ಸಿ.ಯವರಿಗೇ ಬಿಟ್ಟುಕೊಟ್ಟು ಸುಮ್ಮನೆ ಕೂರುವಷ್ಟು ಧೈರ್ಯ ನನಗಂತೂ ಇಲ್ಲ.

ನಮಗೆ ನೀರು ಅಂದ ಕೂಡಲೆ ನೆನಪಾಗೋದು ಮಹಾಡ್. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಹಿಂದೆ ಇದ್ದ ಸಾವಿರಾರು ಜನ ಕುಡಿದರು. ಆಮೇಲೆ ಆ ಊರಿನ ಮೇಲುಜಾತಿಯವರು ಏನು ಮಾಡಿದರು? ಹಾಲು, ಮೊಸರು, ಸಗಣಿ, ಗಂಜಲ ತಂದು ಕೆರೆಗೆ ಸುರಿದು ಮಂತ್ರ ಹೇಳಿಸಿ ಶುದ್ಧಿ ಮಾಡಿದರು. ಮನುಷ್ಯ ಮುಟ್ಟಿದ್ದಕ್ಕೆ ನೀರು ಮೈಲಿಗೆ, ಸಗಣಿ ಹಾಕಿದರೆ ಮಡಿ! ಕೋರ್ಟಿನಲ್ಲಿ ನಮ್ಮ ಹಕ್ಕು ಗೆಲ್ಲೋದಕ್ಕೆ 1937ರವರೆಗೆ ಹತ್ತು ವರ್ಷ ಹಿಡಿಯಿತು.

ಈ ಕಥೆ ನಿಮಗೆಲ್ಲ ಬಾಯಿಪಾಠ. ನಾನು ಇವತ್ತು ಕೇಳುವುದು ಅದರ ಮುಂದಿನ ಪ್ರಶ್ನೆ. ನೀರನ್ನು ಮುಟ್ಟಿದೆವು, ಕುಡಿದೆವು. ಆ ನೀರಿನೊಳಗೆ ಏನಿತ್ತು? ನಾವು ಮುಟ್ಟಿದರೆ ನೀರು ಕೆಡುತ್ತೆ ಅಂದ ಸಮಾಜವೇ ಹೊಲಕ್ಕೆ, ತೋಟಕ್ಕೆ, ಕಾರ್ಖಾನೆಯ ಹಿತ್ತಿಲಿಗೆ ಏನನ್ನು ಸುರಿದು ನಮ್ಮ ಬಾವಿಗೆ ಬಿಟ್ಟಿತು? ಅದಕ್ಕೆ ಯಾವ ಶುದ್ಧಿ ಮಾಡಿಸಿದರು?

ಮೊದಲು ಒಂದು ಮಾತಿನ ಗೊಂದಲ ಬಿಡಿಸಿಬಿಡ್ತೀನಿ. ಪೇಪರಿನಲ್ಲಿ ‘ಸಾವಯವ ಮಾಲಿನ್ಯಕಾರಕ’ ಅಂತ ಬರೀತಾರೆ. ಸಾವಯವ ಅಂದರೆ ನಾವು ಸಗಣಿಗೊಬ್ಬರ, ಎರೆಗೊಬ್ಬರ, ಪೇಟೆಯಲ್ಲಿ ಎರಡು ಪಟ್ಟು ರೇಟಿಗೆ ಮಾರೋ ತರಕಾರಿ ಅಂದ್ಕೋತೀವಿ. ರಸಾಯನಶಾಸ್ತ್ರದವರ ಸಾವಯವ ಬೇರೆ. ಇಂಗಾಲದ ಸರಪಣಿ ಇಟ್ಟುಕೊಂಡು ಕಟ್ಟಿದ ವಸ್ತುವೆಲ್ಲ ಅವರಿಗೆ ಸಾವಯವವೇ. ಡಿಡಿಟಿ ಸಾವಯವ. ಎಂಡೋಸಲ್ಫಾನ್ ಸಾವಯವ. ಆ ಇಂಗಾಲದ ಗೂಡಿಗೆ ಕ್ಲೋರಿನ್ ಪರಮಾಣುಗಳನ್ನು ಮೊಳೆ ಹೊಡೆದ ಹಾಗೆ ಕೂರಿಸಿದರೆ ಅದು ಸುಲಭಕ್ಕೆ ಕೊಳೆಯೋದಿಲ್ಲ. ಎಂಡೋಸಲ್ಫಾನಿನಲ್ಲಿ ಅಂಥ ಆರು ಕ್ಲೋರಿನ್ ಇವೆ.

ನಮ್ಮ ಜನ ಇದನ್ನು ವಿಷ ಅಂತ ಕರೆಯೋದೇ ಇಲ್ಲ. ನಮ್ಮ ಕಡೆ ‘ಔಷಧಿ ಹೊಡೆಯೋದು’ ಅಂತಾರೆ. ದಕ್ಷಿಣ ಕನ್ನಡದಲ್ಲಿ ‘ಮದ್ದು ಬಿಡುವುದು’. ಗಿಡಕ್ಕೆ ಔಷಧಿ, ಹುಳಕ್ಕೆ ವಿಷ, ಕೂಲಿಯವನಿಗೆ ಏನು ಅಂತ ಕೇಳೋರಿಲ್ಲ. ನನ್ನವ್ವ ಕಳೆ ಕೀಳೋಕೆ ಹೋಗುವಾಗ ಕುಡಿಯೋ ನೀರು ತಗೊಂಡು ಹೋಗ್ತಿದ್ದುದು ಔಷಧಿಯ ಖಾಲಿ ಕ್ಯಾನಿನಲ್ಲಿ. ಗೌಡರ ಮನೆಯವರು ಕೊಟ್ಟದ್ದು. ಗಟ್ಟಿ ಪ್ಲಾಸ್ಟಿಕ್ಕು, ಬಿಗಿ ಮುಚ್ಚಳ, ಒಳ್ಳೆ ಹಿಡಿ. ಬಿಸಿನೀರು, ಬೂದಿ ಹಾಕಿ ಮೂರು ಸಲ ತೊಳೆದಿದ್ದಳು ಪಾಪ. ಬೂದಿಗೆ ಹೋಗುವ ಜಿಡ್ಡು ಬೇರೆ, ಇದು ಬೇರೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಕ್ಯಾನಿನ ಮೇಲೆ ಬರೆದದ್ದು ಇಂಗ್ಲಿಷಿನಲ್ಲಿತ್ತು.

ಈಗ ಕಾಸರಗೋಡಿಗೆ ಬರೋಣ. 1956ರಲ್ಲಿ ಕೇರಳಕ್ಕೆ ಸೇರಿದ ನಮ್ಮ ಕನ್ನಡದ ನೆಲ. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು ಮುಂತಾದ ಪಂಚಾಯಿತಿಗಳು. ಕನ್ನಡ, ತುಳು, ಮಲಯಾಳಂ ಮೂರೂ ಆಡುವ ಜನ. ಅಲ್ಲಿ ಗುಡ್ಡದ ನೆತ್ತಿಯ ಮೇಲೆಲ್ಲ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟ, ಸುಮಾರು ನಾಲ್ಕೂವರೆ ಸಾವಿರ ಹೆಕ್ಟೇರು. ಗೇರಿಗೆ ಒಂದು ಬಗೆಯ ತಿಗಣೆಯ ಕಾಟ, ಅದನ್ನು ಚಹಾ ಸೊಳ್ಳೆ ಅಂತಾರೆ. ಅದಕ್ಕೆ 1970ರ ದಶಕದ ಕೊನೆಯಿಂದ 2000ದವರೆಗೆ, ಇಪ್ಪತ್ತು ವರ್ಷಕ್ಕೂ ಮೇಲೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ವರ್ಷಕ್ಕೆ ಎರಡು ಸಲ, ಮೂರು ಸಲ. ಸುರಿದದ್ದು ಸರ್ಕಾರದ ಕಂಪನಿ. ಇದೇ ವಿಷವನ್ನು ಕೊಚ್ಚಿಯ ಪಕ್ಕದ ಏಲೂರಿನಲ್ಲಿ ತಯಾರಿಸುತ್ತಿದ್ದುದೂ ಒಂದು ಸರ್ಕಾರಿ ಕಂಪನಿಯೇ. ಖಾಸಗಿಯವನ ಲೂಟಿ ಅಂತ ಬೈದು ಕೈತೊಳೆದುಕೊಳ್ಳೋ ಹಾಗಿಲ್ಲ ನೋಡಿ. ನಾವು ನೌಕರಿ ಕೇಳುವ ಸರ್ಕಾರ, ಹಾಸ್ಟೆಲ್ಲು ಕೇಳುವ ಸರ್ಕಾರ, ಅದೇ.

ಆ ನಾಡಿನ ನೀರಿನ ವ್ಯವಸ್ಥೆ ನಿಮಗೆ ಗೊತ್ತಿರಬೇಕು, ಇಲ್ಲದಿದ್ದರೆ ಕಥೆ ಅರ್ಥವಾಗಲ್ಲ. ಅಲ್ಲಿ ಮುರಕಲ್ಲಿನ ಗುಡ್ಡ. ಗುಡ್ಡದ ಪಕ್ಕೆಗೆ ಒಬ್ಬ ಆಳು ಬಗ್ಗಿ ನಡೆಯುವಷ್ಟು ಅಗಲಕ್ಕೆ ಅಡ್ಡಲಾಗಿ ಕೊರೆಯುತ್ತಾರೆ. ಅದೇ ಸುರಂಗ. ಒಳಗೆ ಕಲ್ಲಿನಿಂದ ನೀರು ಒಸರಿ ಹನಿಯಾಗಿ, ಎಳೆಯಾಗಿ ಹೊರಗೆ ಬರುತ್ತೆ. ಅಡಿಕೆ ದಂಬೆ ಇಟ್ಟೋ ಪೈಪು ಇಟ್ಟೋ ಅಂಗಳದ ತೊಟ್ಟಿಗೆ ಹಾಯಿಸ್ತಾರೆ. ಪಂಪು ಬೇಡ, ಕರೆಂಟು ಬೇಡ. ಎಷ್ಟು ಜಾಣ ಜನ ಅಂದರೆ ಕಲ್ಲಿನ ಬೆವರನ್ನು ಕುಡಿದು ಬದುಕಿದವರು. ಸುರಂಗ ಕೊರೆಸುವ ಶಕ್ತಿ ಇಲ್ಲದವರಿಗೆ ತೋಡು, ಇಲ್ಲವೇ ಬಾವಿ. ತೋಟ ಇರುವುದು ಮೇಲೆ. ಮನೆಗಳಿರುವುದು ಕೆಳಗೆ, ಕಣಿವೆಯಲ್ಲಿ.

ಔಷಧಿ ಬಿಡುವ ಮುನ್ನ ಬಾವಿ ಮುಚ್ಚಿಕೊಳ್ಳಿ ಅನ್ನೋದು ನಿಯಮ. ಬಾವಿಯ ಬಾಯಿಗೆ ಸೋಗೆ ಹೊದಿಸಬಹುದು. ಹರಿಯುವ ತೋಡಿಗೆ ಏನು ಹೊದಿಸ್ತೀರಿ? ಗುಡ್ಡಕ್ಕೆ ಯಾವ ಮುಚ್ಚಳ? ಮರದ ನೆತ್ತಿಗೆ ಎರಡು ಮೂರು ಮೀಟರ್ ಎತ್ತರದಲ್ಲಿ ಹಾರಬೇಕು ಅಂತಲೂ ನಿಯಮ ಇತ್ತು. ಏರಿಳಿತದ ಗುಡ್ಡಗಾಡಿನಲ್ಲಿ ಹಾಗೆ ಹಾರಿದರೆ ಹೆಲಿಕಾಪ್ಟರೇ ಮರಕ್ಕೆ ಸಿಕ್ಕಿಕೊಳ್ಳುತ್ತೆ. ಹಾಗಾಗಿ ಎತ್ತರದಿಂದ ಬಿಟ್ಟರು, ಗಾಳಿ ಎಲ್ಲಿಗೆ ಒಯ್ದರೆ ಅಲ್ಲಿಗೆ.

ಇದು ನೀರಿನಲ್ಲಿ ಸಕ್ಕರೆಯ ಹಾಗೆ ಕರಗುವ ವಸ್ತುವಲ್ಲ. ನೀರಿಗಿಂತ ಮಣ್ಣಿಗೆ, ಎಲೆಗೆ, ಕೊಬ್ಬಿಗೆ ಅಂಟೋದು ಅದರ ಸ್ವಭಾವ. ಚಿಗುರು, ಹೂವಿನ ಕಾಲದಲ್ಲಿ ಬಿಟ್ಟದ್ದು ಮಣ್ಣಿನಲ್ಲಿ ಕೂತಿರುತ್ತೆ, ಮಳೆ ಹಿಡಿದಾಗ ಕೆಸರಿನ ಜೊತೆ ಕೆಳಗಿಳಿಯುತ್ತೆ. ಮಣ್ಣಿನಲ್ಲಿ ಅರ್ಧಂಬರ್ಧ ಮುರಿದು ಎಂಡೋಸಲ್ಫಾನ್ ಸಲ್ಫೇಟ್ ಅಂತ ಇನ್ನೊಂದಾಗುತ್ತೆ. ಅದರ ವಿಷವೇನೂ ಕಮ್ಮಿಯಲ್ಲ, ಬಾಳಿಕೆ ಮಾತ್ರ ಜಾಸ್ತಿ. ಮೀನಿಗಂತೂ ತೊಟ್ಟು ಸಾಕು, ಹೊಟ್ಟೆ ಮೇಲೆ ಮಾಡಿ ತೇಲುತ್ತೆ. ಇದನ್ನು ಕಾಯಿಸಿದರೆ ಹೋಗಲ್ಲ. ಸ್ಫಟಿಕ ತಿಕ್ಕಿದರೆ ಕೆಸರು ತಳಕ್ಕೆ ಕೂರುತ್ತೆ, ನೀರು ತಿಳಿಯಾಗಿ ಕಾಣುತ್ತೆ, ಕರಗಿದ್ದು ಹಾಗೇ ಇರುತ್ತೆ. ಬ್ಲೀಚಿಂಗ್ ಪೌಡರು ಕಾಲರಾ ಹುಳ ಕೊಲ್ಲುತ್ತೆ, ಇದನ್ನಲ್ಲ. ವಿಶೇಷವಾಗಿ ತಯಾರಿಸಿದ ಇದ್ದಿಲು ಹೀರಿಕೊಳ್ಳುತ್ತೆ, ಅದನ್ನೂ ಆಗಾಗ ಬದಲಾಯಿಸಬೇಕು. ಬಡವರ ಮನೆಯಲ್ಲಿ ನೀರು ಶುದ್ಧಿಗೆ ಗೊತ್ತಿರುವ ಉಪಾಯ ಎರಡೇ, ಕಾಯಿಸೋದು ಸೋಸೋದು. ಎರಡೂ ಇದರ ಮುಂದೆ ಸೋಲುತ್ತವೆ.

ಮೊದಲು ಗೊತ್ತಾದದ್ದು ದನಗಳಲ್ಲಿ. ಕಾಲು ಸೊಟ್ಟಗಿರುವ ಕರುಗಳು ಹುಟ್ಟುತ್ತಿವೆ ಅಂತ ಪತ್ರಕರ್ತ ಶ್ರೀಪಡ್ರೆ 1980ರ ಆಸುಪಾಸಿನಲ್ಲೇ ಬರೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಡ್ರೆಯ ವಾಣೀನಗರದಲ್ಲಿ ದವಾಖಾನೆ ಇಟ್ಟುಕೊಂಡಿದ್ದ ಡಾ. ಮೋಹನ್ ಕುಮಾರ್, ತಮ್ಮ ಹತ್ತಿರ ಬರುವ ಸಣ್ಣ ಊರಿನಲ್ಲಿ ಇಷ್ಟೊಂದು ಬುದ್ಧಿಮಾಂದ್ಯ ಮಕ್ಕಳು, ಫಿಟ್ಸು, ಹುಟ್ಟು ಅಂಗವಿಕಲತೆ, ಕ್ಯಾನ್ಸರು ಯಾಕೆ ಅಂತ ಲೆಕ್ಕ ಬರೆದಿಟ್ಟರು. ಆ ಪಂಚಾಯಿತಿಯಲ್ಲಿ ಒಂದು ಊರಿನ ಹೆಸರು ಸ್ವರ್ಗ. ನಾನು ಕಟ್ಟಿದ್ದಲ್ಲ, ಬಸ್ಸಿನ ಬೋರ್ಡಿನ ಮೇಲೇ ಇರೋ ಹೆಸರು.

ದೇಹದೊಳಗೆ ಹೋದ ಮೇಲೆ ಇದರ ಕೆಲಸ ಎರಡು ಬಗೆ. ಒಂದು, ಮಿದುಳಿನಲ್ಲಿ ನರಗಳ ಉದ್ರೇಕವನ್ನು ಸಮಾಧಾನ ಮಾಡುವ ಒಂದು ಏರ್ಪಾಡಿದೆ, ಬಾಗಿಲು ಕಾಯೋನಿದ್ದ ಹಾಗೆ. ಅದನ್ನು ಇದು ಅಡ್ಡಗಟ್ಟುತ್ತೆ. ನರಕ್ಕೆ ತಡೆ ಇಲ್ಲದೆ ಮೈ ಸೆಟೆದು ಫಿಟ್ಸ್ ಬರುತ್ತೆ. ಒಮ್ಮೆಗೇ ಜಾಸ್ತಿ ಹೋದರೆ ಸಾವು. ಇನ್ನೊಂದು ನಿಧಾನದ್ದು. ಹಾರ್ಮೋನುಗಳ ಮಾತಿನ ನಡುವೆ ಬಾಯಿ ಹಾಕೋದು. ಬೆಳೆಯುವ ದೇಹಕ್ಕೆ, ಗರ್ಭದಲ್ಲಿರೋ ಕೂಸಿಗೆ, ಹರೆಯಕ್ಕೆ ಬರುವ ಹುಡುಗರಿಗೆ ಇದು ಹೆಚ್ಚು.

ಇಲ್ಲಿ ಸ್ವಲ್ಪ ಕಿವಿಗೊಟ್ಟು ಕೇಳ್ರಪ್ಪ, ಇದು ನಿಮ್ಮ ವಯಸ್ಸಿನವರ ಮಾತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಗೆ ಬಂದು 10ರಿಂದ 19 ವರ್ಷದ 117 ಶಾಲಾ ಹುಡುಗರನ್ನು ಪರೀಕ್ಷೆ ಮಾಡಿದರು. ಹೋಲಿಸಿ ನೋಡಲು ಹೆಲಿಕಾಪ್ಟರ್ ಹಾರದ ಇನ್ನೊಂದು ಕಡೆಯ 90 ಹುಡುಗರನ್ನು ಆರಿಸಿಕೊಂಡರು. ಸಿಂಪಡಣೆ ನಿಂತು ಎಷ್ಟೋ ತಿಂಗಳಾದ ಮೇಲೂ ಪಡ್ರೆ ಹುಡುಗರ ರಕ್ತದ ಸೀರಮ್ಮಿನಲ್ಲಿ ಎಂಡೋಸಲ್ಫಾನ್ ಸರಾಸರಿ ನೂರು ಕೋಟಿಗೆ 7.47 ಪಾಲು. ಆ ಕಡೆಯ ಹುಡುಗರಲ್ಲಿ 1.37. ಐದು ಪಟ್ಟಿಗೂ ಜಾಸ್ತಿ. ಅಷ್ಟೇ ಅಲ್ಲ, ಪಡ್ರೆ ಹುಡುಗರು ಹರೆಯಕ್ಕೆ ಬರುವುದು ತಡವಾಗಿತ್ತು, ಗಂಡು ಹಾರ್ಮೋನು ಇರಬೇಕಾದ್ದಕ್ಕಿಂತ ಕಮ್ಮಿ. ಈ ವರದಿ 2003ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಮೀಸೆ ಯಾಕೆ ಬರಲಿಲ್ಲ ಅಂತ ಒಬ್ಬ ಹುಡುಗ ಕನ್ನಡಿ ಮುಂದೆ ನಿಂತು ಅಳುವುದನ್ನು ಯಾವ ವರದಿಯೂ ಬರೆಯಲ್ಲ. ನೀವು ಊಹಿಸಿಕೊಳ್ಳಿ.

ಅದೇ ಹೊತ್ತಿಗೆ ಕೇಂದ್ರ ಸರ್ಕಾರ ದುಬೆ ಸಮಿತಿ ಮಾಡಿತು, ಆಮೇಲೆ ಮಾಯೀ ಸಮಿತಿ. ರೋಗಕ್ಕೂ ಎಂಡೋಸಲ್ಫಾನಿಗೂ ಸಂಬಂಧ ಸಾಬೀತಾಗಿಲ್ಲ ಅಂದವು. ಇವತ್ತಿಗೂ ಹಾಗೆ ಹೇಳುವ ವಿಜ್ಞಾನಿಗಳಿದ್ದಾರೆ. ಅಲ್ಲಿನ ಒಂದೊಂದು ರೋಗಕ್ಕೂ ಇದೇ ಕಾರಣ ಅಂತ ಬೆರಳಿಟ್ಟು ತೋರಿಸೋದು ಕಷ್ಟ, ಅದು ನಿಜ. ಇದನ್ನು ನಾನು ಮುಚ್ಚಿಡಲ್ಲ. ಯಾಕೆ ಅಂತ ಹೇಳೋಕೆ ಹಂದಿಗೋಡಿನ ಮಾತು ಹೇಳಬೇಕು.

ಶಿವಮೊಗ್ಗ ಜಿಲ್ಲೆ, ಸಾಗರದ ಪಕ್ಕ ಹಂದಿಗೋಡು. 1970ರ ದಶಕದ ನಡುವಿನಲ್ಲಿ ಅಲ್ಲಿ ನಮ್ಮ ಜನ, ಛಲವಾದಿಗಳು ಚನ್ನಂಗಿಗಳು, ಸೊಂಟ ಮಂಡಿ ಹಿಡಿದು ತೆವಳೋ ಹಾಗಾದರು. ಗದ್ದೆಗೆ ಹೊಡೆದ ಕೀಟನಾಶಕ ತಿಂದ ಏಡಿಯನ್ನು ಹಿಡಿದು ತಿಂದದ್ದೇ ಕಾರಣ ಅಂತ ಮೊದಲು ಗುಮಾನಿ ಬಂತು. ನಂಬುವ ಹಾಗೇ ಇತ್ತು. ಏಡಿ ತಿನ್ನೋರು ನಾವೇ, ಕಾಯಿಲೆ ಬಿದ್ದವರೂ ನಾವೇ. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಪರೀಕ್ಷೆ ನಡೆಸಿ, ಇದು ವಂಶದಲ್ಲಿ ಇಳಿದು ಬರುವ ಮೂಳೆಕೀಲಿನ ರೋಗ ಅಂದರು. ಅದಕ್ಕೇ ಹೇಳೋದು, ಕಂಡದ್ದಕ್ಕೆಲ್ಲ ಔಷಧಿಯೇ ಕಾರಣ ಅಂತ ಕೂಗಿದರೆ ಎದುರಿನವನಿಗೆ ನಮ್ಮನ್ನು ಸುಳ್ಳರು ಅನ್ನೋದು ಸುಲಭವಾಗುತ್ತೆ. ರಕ್ತ ಯಾವುದು, ನೀರು ಯಾವುದು, ಲೆಕ್ಕ ಯಾವುದು ಅಂತ ಹಿಡಿದು ಮಾತಾಡಬೇಕು. ಆದರೆ ಇದನ್ನೂ ಗಮನಿಸಿ. ಹಂದಿಗೋಡಿನಲ್ಲಿ ಕಾರಣ ಏಡಿಯಾಗಲಿ ವಂಶವಾಗಲಿ, ತೆವಳುವವನಿಗೆ ಅನ್ನ, ಚಿಕಿತ್ಸೆ ಕೊಡೋದಕ್ಕೆ ಕಾರಣ ಗೊತ್ತಾಗಲೇಬೇಕೆಂದಿರಲಿಲ್ಲ. ಕಾಸರಗೋಡಿನಲ್ಲೂ ಅಷ್ಟೆ. ಜನ ಕುಡಿಯುವ ನೀರಿನ ನೆತ್ತಿಯ ಮೇಲೆ ವಿಷ ಸುರಿಯಬಾರದು ಅನ್ನೋದಕ್ಕೆ ಎಷ್ಟು ಹೆಣದ ಪುರಾವೆ ಬೇಕು? ಸುರಿಯುವ ಮೊದಲು ಇದು ನಿರಪಾಯ ಅಂತ ಸಾಬೀತು ಮಾಡಿದವರು ಯಾರು?

ಸಿಂಪಡಣೆ ನಿಲ್ಲಿಸಿದ್ದು ಸಮಿತಿಗಳಲ್ಲ. ಕೃಷಿ ಇಲಾಖೆಯಲ್ಲಿ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ ಅನ್ನೋ ಹೆಂಗಸು 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ತಡೆ ತಂದರು. ಇದು ಕಾಸರಗೋಡಿನ ಹೊಸದುರ್ಗ, ಚಿತ್ರದುರ್ಗದ್ದಲ್ಲ. ಸರ್ಕಾರಿ ನೌಕರಳು ಸರ್ಕಾರಿ ಕಂಪನಿಯ ಮೇಲೆ, ಅದೂ ಕೆಳಗಿನ ಕೋರ್ಟಿನಲ್ಲಿ! 2000ದ ಕೊನೆಗೆ ಹೆಲಿಕಾಪ್ಟರ್ ನಿಂತಿತು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಎಂಡೋಸಲ್ಫಾನನ್ನು ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿಸಿದರು. ಅಲ್ಲಿಯವರೆಗೂ ಅಡ್ಡಗಾಲು ಹಾಕಿದ್ದು ನಮ್ಮ ಭಾರತ ಸರ್ಕಾರ. ಮೇ 13ಕ್ಕೆ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಕೊಟ್ಟಿತು.

ಪರಿಹಾರದ ಕಥೆ ಕೇಳಿ. ಬಲಿಯಾದವರಿಗೆ ತಲಾ 5 ಲಕ್ಷ ಮೂರು ತಿಂಗಳಲ್ಲಿ ಕೊಡಿ ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳಕ್ಕೆ ಹೇಳಿತು. ಐದು ವರ್ಷ ಕಳೆದು 2022ರ ಮೇ ತಿಂಗಳಿಗೆ ನೋಡಿದರೆ ಲೆಕ್ಕದಲ್ಲಿದ್ದ 3,704 ಜನರಲ್ಲಿ ದುಡ್ಡು ಮುಟ್ಟಿದ್ದು ಎಂಟು ಮಂದಿಗೆ. ಆ ಎಂಟು ಯಾರು ಅಂದರೆ, ನ್ಯಾಯಾಂಗ ನಿಂದನೆ ಅಂತ ಮತ್ತೆ ಕೋರ್ಟಿಗೆ ಹೋದವರು. ಹಾಸಿಗೆ ಹಿಡಿದ ಮಗುವನ್ನು ಬಿಟ್ಟು ದಿಲ್ಲಿಗೆ ಹೋಗಲು ಯಾರ ತಾಯಿಗೆ ಸಾಧ್ಯ? ಕೋರ್ಟು ಗದರಿದ ಮೇಲೆ ಹಂಚಿಕೆ ಚುರುಕಾಯಿತು.

ನಮ್ಮ ರಾಜ್ಯ ಏನೂ ಕಮ್ಮಿಯಲ್ಲ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಕಡೆ ಕರ್ನಾಟಕದ್ದೇ ಗೇರು ಅಭಿವೃದ್ಧಿ ನಿಗಮ ಇದೇ ಮದ್ದನ್ನು ಹೀಗೇ ಆಕಾಶದಿಂದ ಬಿಟ್ಟಿತು. ಅಲ್ಲಿಯೂ ಮಲಗಿದಲ್ಲೇ ಬೆಳೆದ ಮಕ್ಕಳಿದ್ದಾರೆ. ಕೇರಳದ್ದು ದೇಶಕ್ಕೆಲ್ಲ ಗೊತ್ತಾಯಿತು, ಕೊಕ್ಕಡದ್ದು ಬೆಂಗಳೂರಿಗೇ ಸರಿಯಾಗಿ ಗೊತ್ತಿಲ್ಲ.

ಹೆಲಿಕಾಪ್ಟರಿನಿಂದ ಬಿದ್ದದ್ದು ಭಟ್ಟರ ಅಂಗಳಕ್ಕೂ ಬಿತ್ತು, ಕೊರಗರ ಕೊಪ್ಪಕ್ಕೂ ಬಿತ್ತು. ಮಂಗಳೂರು ಆಸ್ಪತ್ರೆಗೆ ಕಾರು ಮಾಡಿಕೊಂಡು ಹೋಗುವವನು ಹೋದ. ಬೋರು ಕೊರೆಸಿಕೊಳ್ಳುವವನು ಕೊರೆಸಿಕೊಂಡ. ಉಳಿದವನು ಅದೇ ತೋಡಿಗೆ ಕೊಡ ಒಯ್ದ. ಭೋಪಾಲದಲ್ಲೂ ಹಾಗೇ. 1984ರ ಡಿಸೆಂಬರಿನ ಗ್ಯಾಸು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲಿನಿಂದ ಯೂನಿಯನ್ ಕಾರ್ಬೈಡು ತನ್ನ ಕಸವನ್ನು ಕಾರ್ಖಾನೆ ಒಳಗೂ ಹೊರಗಿನ ಹೊಂಡಗಳಿಗೂ ಹಾಕುತ್ತಿತ್ತು. ಕ್ಲೋರೋಫಾರಂ, ಕಾರ್ಬನ್ ಟೆಟ್ರಾಕ್ಲೋರೈಡು, ಕ್ಲೋರೋಬೆಂಜೀನು, ಇವೂ ಸಾವಯವವೇ. ಇಳಿದಿಳಿದು ಸುತ್ತಲ ಬಸ್ತಿಗಳ ಅಂತರ್ಜಲಕ್ಕೆ ಸೇರಿದವು. ಕೆಲವು ಹ್ಯಾಂಡ್‌ಪಂಪುಗಳಿಗೆ ಕೆಂಪು ಬಣ್ಣ ಬಳಿದು ಕುಡಿಯಬೇಡಿ ಅಂದರು, ಬೇರೆ ನೀರು ಕೊಡಲಿಲ್ಲ. ಕೊಡಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2004ರಲ್ಲಿ. ಅಲ್ಲಿಯವರೆಗೆ ಜನ ಕೆಂಪು ಪಂಪನ್ನೇ ಒತ್ತಿ ಕುಡಿದರು.

ಈಗ ನಮ್ಮ ಹಾಸ್ಟೆಲ್ಲಿನ ತೊಟ್ಟಿಗೆ ಬರೋಣ. ಎಂಡೋಸಲ್ಫಾನ್ ಹೋಯಿತು, ಸರಿ. ಅದರ ಜಾಗಕ್ಕೆ ಬೇರೆ ಡಬ್ಬಿಗಳು ಬಂದಿವೆ. ಕಳೆಗೆ ಹೊಡೆಯೋ ಔಷಧಿ ಈಗ ಕುಡುಗೋಲಿನ ಕೆಲಸವನ್ನೇ ಕಿತ್ತುಕೊಂಡಿದೆ. ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಬರಿಗಾಲಲ್ಲಿ ಹೊಡೆಯುವವನು ನಮ್ಮಣ್ಣನೇ. ‘ನಿಮ್ಮ ನೀರು ಟೆಸ್ಟ್ ಆಗಿದೆ’ ಅಂತ ಅಧಿಕಾರಿ ಹೇಳ್ತಾನೆ. ಯಾವ ಟೆಸ್ಟು ಅಂತ ಕೇಳಿ. ಪಂಚಾಯಿತಿಯ ಪೆಟ್ಟಿಗೆಯ ಕಿಟ್ಟಿನಲ್ಲಿ ಫ್ಲೋರೈಡು, ನೈಟ್ರೇಟು, ಕಬ್ಬಿಣ, ಕ್ಲೋರಿನ್, ಕ್ರಿಮಿ ಇವುಗಳಿಗೆ ಬಣ್ಣ ಬರುತ್ತೆ. ಕೀಟನಾಶಕಕ್ಕೆ ಯಾವ ಬಣ್ಣವೂ ಬರಲ್ಲ. ಅದಕ್ಕೆ ಗ್ಯಾಸ್ ಕ್ರೊಮ್ಯಾಟೊಗ್ರಾಫಿಯಂಥ ದೊಡ್ಡ ಯಂತ್ರ ಬೇಕು, ದೊಡ್ಡ ಪ್ರಯೋಗಾಲಯ ಬೇಕು. ಆದರೆ ಕುಡಿಯುವ ನೀರಿಗೆ ಸರ್ಕಾರವೇ ಮಾಡಿದ ಮಾನಕ ಇದೆ, ಐ.ಎಸ್. 10500. ಅದರಲ್ಲಿ ಕೀಟನಾಶಕಗಳ ಪಟ್ಟಿಯೇ ಇದೆ, ಎಂಡೋಸಲ್ಫಾನಿಗೆ ಲೀಟರಿಗೆ 0.4 ಮೈಕ್ರೋಗ್ರಾಂ ಮಿತಿ. ಒಂದು ಗ್ರಾಮನ್ನು 25 ಲಕ್ಷ ಲೀಟರಿಗೆ ಕದಡಿದರೆ ಎಷ್ಟೋ ಅಷ್ಟು. ನಾಲಿಗೆಗೂ ಮೂಗಿಗೂ ಸಿಗದ ಪ್ರಮಾಣ.

ನೀವು ಮಾಡಬಹುದಾದ್ದು ಇದೆ, ದೊಡ್ಡ ಕ್ರಾಂತಿಯೇನಲ್ಲ. ಹಾಸ್ಟೆಲ್ಲಿನ ನೀರು ಯಾವ ಬೋರಿನಿಂದ ಬರುತ್ತೆ, ಆ ಬೋರಿನ ಮೇಲುಗಡೆ ಯಾರ ಹೊಲ, ಯಾವ ಕಾರ್ಖಾನೆ, ಏನು ಬೆಳೆ, ಏನು ಹೊಡೀತಾರೆ, ಒಂದು ಭಾನುವಾರ ನಾಲ್ಕು ಜನ ಸುತ್ತಾಡಿ ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ಡಬ್ಬಿಯ ಮೇಲಿನ ಹೆಸರು ಬರೆದುಕೊಳ್ಳಿ, ಔಷಧಿ ಅಂತ ಬರೆಯಬೇಡಿ. ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಔಷಧಿ ಕ್ಯಾನು ನೀರಿಗೆ, ಎಣ್ಣೆಗೆ, ಮಜ್ಜಿಗೆಗೆ ಇಟ್ಟಿದ್ದರೆ ತೂತು ಹೊಡೆದು ಬಿಸಾಕಿ. ಅವ್ವ ಬೈತಾಳೆ, ಬೈಸಿಕೊಳ್ಳಿ. ಸುಡಬೇಡಿ, ಹೊಗೆಯೂ ಕೆಟ್ಟದ್ದು. ನೀರಿನ ಮಾದರಿ ತೆಗೆಸುವುದಾದರೆ ಗಾಜಿನ ಬಾಟಲಿಯಲ್ಲೇ ತೆಗೆಸಿ, ಪ್ಲಾಸ್ಟಿಕ್ಕಿಗೆ ಈ ವಸ್ತುಗಳು ಅಂಟಿಕೊಂಡು ಲೆಕ್ಕ ತಪ್ಪುತ್ತೆ. ಬೇಸಿಗೆಯ ತಿಳಿನೀರು ಒಂದು ಸಲ, ಔಷಧಿ ಹೊಡೆದ ಮೇಲಿನ ಮೊದಲ ಮಳೆಯ ನೀರು ಇನ್ನೊಂದು ಸಲ.

ಆಮೇಲೆ ಮಾಹಿತಿ ಹಕ್ಕಿನ ಅರ್ಜಿ, 2005ರ ಕಾಯಿದೆ, 10 ರೂಪಾಯಿ. ಬಡತನ ರೇಖೆಯ ಕಾರ್ಡಿದ್ದರೆ ಅದೂ ಬೇಡ. ‘ನಮ್ಮ ವಿದ್ಯಾರ್ಥಿನಿಲಯದ ಕುಡಿಯುವ ನೀರನ್ನು ಕೀಟನಾಶಕಗಳಿಗಾಗಿ ಯಾವ ದಿನ, ಯಾವ ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ? ವರದಿಯ ಪ್ರತಿ ಕೊಡಿ.’ ಇಷ್ಟೇ ಬರೆಯಿರಿ, ಭಾಷಣ ಬೇಡ. ಪರೀಕ್ಷಿಸಿಲ್ಲ ಅಂತ ಉತ್ತರ ಬಂದರೆ ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮುಂದಿನ ಅರ್ಜಿಗೆ ಅದೇ ಬಂಡವಾಳ. ಅರ್ಜಿಯ ನಮೂನೆ ಇಪ್ಪತ್ತು ಪ್ರತಿ ತಂದಿದ್ದೀನಿ, ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಒಂದು ಹಾಸ್ಟೆಲ್ಲಿಗೆ ಒಂದು ತಗೊಳ್ಳಿ, ಸಾಲದಿದ್ದರೆ ಕೈಯಲ್ಲಿ ನಕಲು ಮಾಡಿಕೊಳ್ಳಿ.